ಎದ್ದು ಬರುವವಳು ಅದೇ ಮಗಳಾ?

ಪ್ರಶ್ನೆ: ನಾನು ಕಾಸರಗೋಡಿನ ಎಣ್ಮಕಜೆ ಪಂಚಾಯತಿನವಳು, ಅಂಗನವಾಡಿ ಟೀಚರ್. ಪಕ್ಕದ ಮನೆಯವರು ಕ್ರೈಸ್ತರು. ಆ ಮನೆಯ ಯಜಮಾನಿಯನ್ನು ನಾವೆಲ್ಲ ಬಾಯಮ್ಮ ಅಂತ ಕರೆಯುವುದು. ಅವರ ಮಗಳ ಹೆಸರು ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿತ್ತು. ಹುಟ್ಟಿನಿಂದಲೇ ನಡೆಯಲಿಲ್ಲ, ಮಾತು ಬರಲಿಲ್ಲ, ತಲೆ ಮಾತ್ರ ದೊಡ್ಡದಾಗುತ್ತಾ ಹೋಯಿತು. 27 ವರ್ಷ ಬಾಯಮ್ಮನ ಕೈಯಲ್ಲೇ ಉಂಡು, ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ಮಣ್ಣು ಮಾಡುವಾಗ ಫಾದರ್, 'ಇವಳು ಹೊಸ ದೇಹದಲ್ಲಿ ಎದ್ದು ಬರುತ್ತಾಳೆ, ಅಲ್ಲಿ ಓಡುತ್ತಾಳೆ' ಅಂದರು. ಎಲ್ಲರಿಗೂ ಸಮಾಧಾನ ಆಯಿತು. ಬಾಯಮ್ಮನಿಗೆ ಆಗಲಿಲ್ಲ. 'ಟೀಚರೇ, ಓಡುವ ಹುಡುಗಿ ನನ್ನ ಮಗಳಾ? ನನಗೆ ಗುರುತು ಸಿಗ್ತದಾ?' ಅಂತ ನನ್ನನ್ನು ಕೇಳಿದರು. ನಾನು ಏನು ಹೇಳಲಿ? ನಾವು ದೇಹ ಸುಟ್ಟು ಬೂದಿಯನ್ನು ನೀರಿಗೆ ಬಿಡುವವರು. ಹಾಗೆ ಬಿಟ್ಟವರ ದೇಹ ಹೇಗೆ ಎದ್ದು ಬರುತ್ತದೆ ಅಂತಲೂ ಗೊತ್ತಾಗಲಿಲ್ಲ. ಅಲ್ಲಿ ವಯಸ್ಸು ಎಷ್ಟಿರುತ್ತದೆ? ಊಟ, ಸಂಸಾರ ಎಲ್ಲ ಇರುತ್ತದಾ?

ಉತ್ತರ: ಟೀಚರೇ, ಬಾಯಮ್ಮನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಅದೇ ಮಗಳು. ಅವಳ ಬದಲಿಗೆ ಬಂದ ಇನ್ನೊಬ್ಬಳಲ್ಲ. ಗುರುತೂ ಸಿಗುತ್ತದೆ. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಇದನ್ನು ಬಿಟ್ಟರೆ ಕ್ರೈಸ್ತರ ಪುನರುತ್ಥಾನದ, ಅಂದರೆ ಸತ್ತವರು ಮತ್ತೆ ಎದ್ದು ಬರುವ, ನಂಬಿಕೆಯಲ್ಲಿ ಉಳಿಯುವುದು ತುಂಬ ಕಡಿಮೆ.

ಫಾದರ್ ಹೇಳಿದ್ದು ತಪ್ಪಲ್ಲ. 'ಕುಂಟನು ಜಿಂಕೆಯಂತೆ ಜಿಗಿಯುವನು, ಮೂಕನ ನಾಲಿಗೆ ಹಾಡುವುದು' ಎಂಬ ಅರ್ಥದ ಮಾತು ಬೈಬಲಿನ ಯೆಶಾಯನ ಗ್ರಂಥದ 35ನೇ ಅಧ್ಯಾಯದಲ್ಲಿದೆ. ಅದನ್ನು ನೆನೆದೇ ಅವರು ಮಾತಾಡಿರಬೇಕು. ಆದರೆ ಅದು ಅರ್ಧ ಮಾತು. ಉಳಿದರ್ಧ ಕೇಳದೆ ಹೋದದ್ದಕ್ಕೇ ಬಾಯಮ್ಮನಿಗೆ ಸಂಕಟವಾಗಿದೆ. 27 ವರ್ಷ ತೊಳೆದು, ಒರೆಸಿ, ತುತ್ತು ಕೊಟ್ಟು ಸಾಕಿದ ದೇಹವನ್ನು ಎಲ್ಲರೂ ಸೇರಿ 'ಹೋಗಲಿ ಬಿಡಿ, ಬೇರೆ ಬರುತ್ತದೆ' ಅಂದ ಹಾಗೆ ಆ ತಾಯಿಗೆ ಕೇಳಿಸಿದೆ. ಅವರ ಸಂಕಟದಲ್ಲಿ ನ್ಯಾಯವಿದೆ.

ಎಷ್ಟೋ ಕ್ರೈಸ್ತರಿಗೇ ಈ ವಿಷಯ ಸರಿಯಾಗಿ ಗೊತ್ತಿಲ್ಲ. 'ಸತ್ತ ಮೇಲೆ ಆತ್ಮ ಸ್ವರ್ಗಕ್ಕೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು' ಅಂತ ತಿಳಿದವರೇ ಜಾಸ್ತಿ. ಆದರೆ ನಿಮ್ಮ ಊರಿನ ಇಗರ್ಜಿಯಲ್ಲಿ ವಿಶ್ವಾಸಪ್ರಮಾಣ, ಅಂದರೆ ತಮ್ಮ ನಂಬಿಕೆಯ ಸಾರ, ಹೇಳುವಾಗ ಕೊನೆಯ ಹತ್ತಿರ ಬರುವುದು ಆತ್ಮದ ಮಾತಲ್ಲ, 'ಶರೀರದ ಪುನರುತ್ಥಾನ' ಎಂಬ ಮಾತು. ಕ್ರೈಸ್ತ ಬೋಧನೆಯ ಪ್ರಕಾರ ಸಾವಿನಲ್ಲಿ ಆತ್ಮ ಮತ್ತು ದೇಹ ಬೇರೆಯಾಗುತ್ತವೆ, ಆತ್ಮ ದೇವರ ಸನ್ನಿಧಿ ಸೇರುತ್ತದೆ. ಆದರೆ ಅದು ನಡುವಿನ ಹಂತ. ಯೇಸು ಮರಳಿ ಬರುವ ದಿನ ದೇಹ ಎದ್ದು ಆತ್ಮದೊಂದಿಗೆ ಸೇರಬೇಕು. ಆಗ ಮಾತ್ರ ಮನುಷ್ಯ ಪೂರ್ತಿ. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಇದನ್ನು ಬಹಳ ನೇರವಾಗಿ ಹೇಳಿದರು: ನನ್ನ ಆತ್ಮ ಎಂದರೆ ನಾನಲ್ಲ, ಆತ್ಮಕ್ಕೆ ಮಾತ್ರ ರಕ್ಷಣೆ ಸಿಕ್ಕಿದರೆ ನನಗೆ ಸಿಕ್ಕಿದ ಹಾಗೆ ಆಗಲಿಲ್ಲ.

ನಿಮಗೆ ಗೀತೆಯ ಮಾತು ಗೊತ್ತಿರುತ್ತದೆ. ಹಳೆಯ ಬಟ್ಟೆ ಬಿಟ್ಟು ಹೊಸದು ಉಡುವ ಹಾಗೆ ದೇಹಿ ಹಳೆಯ ದೇಹ ಬಿಟ್ಟು ಹೊಸದನ್ನು ಸೇರುತ್ತಾನೆ ಎನ್ನುತ್ತದೆ ಗೀತೆ. ಆ ದರ್ಶನಕ್ಕೆ ಅದರದ್ದೇ ಗಾಂಭೀರ್ಯವಿದೆ. ಕ್ರೈಸ್ತರು ಹಿಡಿದ ದಾರಿ ಬೇರೆ. ಅವರಿಗೆ ದೇಹ ಉಡುಪಲ್ಲ, ದೇಹ ನಾನೇ. ಹಾಗಾಗಿ ಪುನರ್ಜನ್ಮ ಇಲ್ಲ. ಇರುವುದು ಒಂದೇ ಬದುಕು, ಒಂದೇ ದೇಹ, ಅದೇ ದೇಹದ ಪುನರುತ್ಥಾನ. 1215ರಲ್ಲಿ ರೋಮಿನಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಮಹಾಸಭೆ ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಬರೆದಿಟ್ಟಿದೆ. ಎಲ್ಲರೂ ಈಗ ಹೊತ್ತಿರುವ ತಮ್ಮದೇ ದೇಹದೊಂದಿಗೆ ಏಳುತ್ತಾರೆ ಎಂದಿದೆ. ಪ್ರೊಟೆಸ್ಟೆಂಟರೂ ಇದರಲ್ಲಿ ಹಿಂದೆ ಬಿದ್ದಿಲ್ಲ. 17ನೇ ಶತಮಾನದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಕಟಣೆ ಏಳುವುದು ಅದೇ ದೇಹ, ಬೇರೆ ಯಾವುದೂ ಅಲ್ಲ ಎನ್ನುತ್ತದೆ. ಹಾಗಾಗಿ 'ಹೊಸ ದೇಹ' ಎಂಬ ಮಾತನ್ನು ಹೊಸತಾಗಿ ತಂದುಕೊಟ್ಟ ದೇಹ ಎಂದು ತಿಳಿಯಬಾರದು. ಹೊಸತಾದ ದೇಹ ಎಂದು ತಿಳಿಯಬೇಕು.

ಆ ದೇಹ ಹೇಗಿರುತ್ತದೆ? ಕ್ರೈಸ್ತರು ಕಂಡಿರುವುದು ಒಂದೇ ಒಂದು, ಯೇಸುವಿನದ್ದು. ಕ್ರೈಸ್ತರ ಮೊದಲ ತಲೆಮಾರಿನ ಧರ್ಮಪ್ರಚಾರಕ ಸಂತ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ಕ್ರಿಸ್ತ ನಮ್ಮ ದೀನ ದೇಹವನ್ನು ತನ್ನ ಮಹಿಮೆಯ ದೇಹದ ಹಾಗೆ ಮಾಡುತ್ತಾನೆ ಎಂದಿದ್ದಾನೆ. ಆದ್ದರಿಂದ ಈ ವಿಷಯದಲ್ಲಿ ಏನು ಕೇಳುವುದಿದ್ದರೂ ಯೇಸು ಸತ್ತು ಎದ್ದ ಮೇಲಿನ ಕತೆಗಳ ಹತ್ತಿರವೇ ಹೋಗಬೇಕು. ಯೇಸುವಿನ ಕೊನೆಯ ದಿನವನ್ನು ಕನ್ನಡ ಕಾವ್ಯ ಮಾಡಿದ ಮಂಜೇಶ್ವರದ ಗೋವಿಂದ ಪೈಗಳಿಂದ ಶಿಲುಬೆಯ ಕತೆ ನಮ್ಮ ಕಡೆಯ ಓದುಗರಿಗೆ ಪರಿಚಿತ. ಅದರ ಮುಂದಿನ ದಿನಗಳ ಕತೆ ಅಷ್ಟು ಪರಿಚಿತವಲ್ಲ.

ಭಾನುವಾರ ಬೆಳಿಗ್ಗೆ ಮಗ್ದಲದ ಮರಿಯ ಸಮಾಧಿಯ ಹತ್ತಿರ ಅಳುತ್ತಾ ನಿಂತಿದ್ದಾಳೆ. ಯೇಸು ಎದುರಿಗೇ ಬಂದರೂ ಅವಳಿಗೆ ಗೊತ್ತಾಗುವುದಿಲ್ಲ. ತೋಟದವನು ಅಂದುಕೊಳ್ಳುತ್ತಾಳೆ. 'ಮರಿಯಾ' ಅಂತ ಅವನು ಹೆಸರು ಹಿಡಿದು ಕರೆದ ಕೂಡಲೇ ಗೊತ್ತಾಗುತ್ತದೆ. ಅದೇ ದಿನ ಎಮ್ಮಾವು ಊರಿಗೆ ಹೋಗುತ್ತಿದ್ದ ಇಬ್ಬರು ಶಿಷ್ಯರ ಜೊತೆ ಅವನು ದಾರಿ ಉದ್ದಕ್ಕೂ ಮಾತಾಡುತ್ತಾ ಬರುತ್ತಾನೆ. ಅವರಿಗೂ ಗುರುತಿಲ್ಲ. ಸಂಜೆ ಊಟಕ್ಕೆ ಕೂತು ರೊಟ್ಟಿ ಮುರಿದು ಕೊಟ್ಟಾಗ ಗುರುತಾಗುತ್ತದೆ, ಮರುಕ್ಷಣ ಕಾಣದೆ ಹೋಗುತ್ತಾನೆ. ಬಾಗಿಲು ಮುಚ್ಚಿ ಹೆದರಿ ಕೂತ ಶಿಷ್ಯರ ನಡುವೆ ಬಂದು ನಿಲ್ಲುತ್ತಾನೆ. ಅವರು ಭೂತ ಅಂತ ಹೆದರಿದರೆ, 'ಮುಟ್ಟಿ ನೋಡಿ, ಭೂತಕ್ಕೆ ಮಾಂಸ ಎಲುಬು ಇರುವುದಿಲ್ಲ' ಎನ್ನುತ್ತಾನೆ. ತಿನ್ನಲು ಏನಾದರೂ ಇದೆಯಾ ಅಂತ ಕೇಳುತ್ತಾನೆ. ಅವರು ಸುಟ್ಟ ಮೀನಿನ ತುಂಡು ಕೊಡುತ್ತಾರೆ, ಅವರ ಕಣ್ಣೆದುರಿಗೇ ತಿನ್ನುತ್ತಾನೆ.

ಈ ಕತೆಗಳು ಬೇಕೆಂದೇ ಎರಡೂ ಬದಿಗೆ ಎಳೆಯುತ್ತವೆ. ಮುಟ್ಟಬಹುದಾದ, ಮೀನು ತಿನ್ನುವ ದೇಹ. ಆದರೆ ಬಾಗಿಲು, ಗೋಡೆ, ದೂರ ಯಾವುದೂ ತಡೆಯದ ದೇಹ. ಗುರುತು ಸಿಗುತ್ತದೆ, ಆದರೆ ಬರೀ ಕಣ್ಣಿನಿಂದಲ್ಲ. ಕರೆದ ದನಿಯಿಂದ, ರೊಟ್ಟಿ ಮುರಿಯುವ ಕೈಯ ರೀತಿಯಿಂದ ಸಿಗುತ್ತದೆ. ಒಟ್ಟಿಗೆ ಬದುಕಿದವರಿಗೆ ಮಾತ್ರ ಗೊತ್ತಿರುವ ಗುರುತುಗಳು ಇವು.

ಬಾಯಮ್ಮನಿಗೆ ಹೇಳಬೇಕಾದ ಮೊದಲ ಸಂಗತಿ ಇದು. ಅವರು ಮಗಳನ್ನು ತಲೆಯ ಗಾತ್ರದಿಂದ ಗುರುತಿಸುತ್ತಿದ್ದರಾ? ಇಲ್ಲ ಅಂತ ನಿಮಗೂ ಗೊತ್ತು. ಹಸಿವಾದಾಗ ಮಾಡುವ ಸದ್ದು ಯಾವುದು, ನೋವಾದಾಗ ಮಾಡುವುದು ಯಾವುದು, ಯಾರು ಬಂದರೆ ಕಣ್ಣು ಹೇಗೆ ತಿರುಗುತ್ತದೆ, ಇದೆಲ್ಲ ಅವರಿಗೆ ತಿಳಿದಿತ್ತು. ಮಾತು ಬಾರದ ಮಗುವಿನ ಹತ್ತಿರ 27 ವರ್ಷ ಮಾತಾಡಿದ ತಾಯಿ ಅವರು. ಆ ಗುರುತು ದೇಹದ್ದೇ, ಆದರೆ ಕಾಯಿಲೆಯದ್ದಲ್ಲ. ಅದು ಅಳಿಯುವುದಿಲ್ಲ.

ಎರಡನೆಯ ಸಂಗತಿ ಗಾಯಗಳದ್ದು. ಬೈಬಲಿನಲ್ಲಿರುವ ಯೋಹಾನನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ತೋಮ ಎಂಬ ಶಿಷ್ಯ ಹಟ ಹಿಡಿಯುತ್ತಾನೆ. ಮೊಳೆ ಹೊಡೆದ ಗುರುತಿನಲ್ಲಿ ಬೆರಳಿಡದೆ, ಪಕ್ಕೆಯ ಗಾಯದಲ್ಲಿ ಕೈಯಿಡದೆ ನಂಬುವುದಿಲ್ಲ ಎನ್ನುತ್ತಾನೆ. ಎಂಟು ದಿನ ಕಳೆದು ಯೇಸು ಬಂದು ಆ ಗಾಯಗಳನ್ನೇ ಮುಂದೆ ಹಿಡಿಯುತ್ತಾನೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸಾವನ್ನೇ ಗೆದ್ದ ದೇಹ ಅದು. ಮೊಳೆಯ ತೂತು ಮುಚ್ಚುವುದು ಅದಕ್ಕೆ ಕಷ್ಟವಾ? ಆದರೂ ಮುಚ್ಚಲಿಲ್ಲ. ನೋವು ಹೋಗಿದೆ, ರಕ್ತ ನಿಂತಿದೆ, ಗುರುತು ಮಾತ್ರ ಹಾಗೇ ಇದೆ. ಎದ್ದು ಬಂದವನು ಶಿಲುಬೆಯಲ್ಲಿ ಸತ್ತವನೇ ಅಂತ ತಿಳಿಯುವುದು ಅದರಿಂದಲೇ.

ಈ ಗಾಯಗಳ ಬಗ್ಗೆ ಬಹಳ ತಲೆ ಕೆಡಿಸಿಕೊಂಡವರು ಸಂತ ಅಗಸ್ಟೀನ್. ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪರು, 430ರಲ್ಲಿ ತೀರಿಕೊಂಡರು. 22 ಭಾಗಗಳ ಅವರ ದೊಡ್ಡ ಗ್ರಂಥವೊಂದರ ಕೊನೆಯ ಭಾಗದಲ್ಲಿ ನೀವು ಕೇಳಿದ ಪ್ರಶ್ನೆಗಳೇ ಸಾಲಾಗಿ ಬರುತ್ತವೆ. ಹುಟ್ಟುವ ಮೊದಲೇ ಸತ್ತ ಮಗು ಏಳುತ್ತದಾ? ತೀರ ದಪ್ಪ, ತೀರ ಸಣಕಲು ಇದ್ದವರು ಹೇಗೆ ಏಳುತ್ತಾರೆ? ಕತ್ತರಿಸಿ ಬಿಸಾಡಿದ ಉಗುರು, ಕೂದಲು ಎಲ್ಲ ವಾಪಸು ಬರುತ್ತದಾ? ಹಸಿವಿನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಮಾಂಸ ತಿಂದಿದ್ದರೆ ಅದು ಯಾರ ದೇಹಕ್ಕೆ ಸೇರಿದ್ದು? ಇಷ್ಟು ವಿವರಕ್ಕೆ ಹೋಗಬೇಕಿತ್ತಾ ಅನಿಸಬಹುದು. ಆದರೆ ಆ ಕಾಲದ ವಿದ್ವಾಂಸರು ಪುನರುತ್ಥಾನದ ಮಾತು ಕೇಳಿ ನಗುತ್ತಿದ್ದರು. ಪೌಲ ಅಥೆನ್ಸಿನಲ್ಲಿ ಇದನ್ನು ಹೇಳಿದಾಗಲೂ ಕೆಲವರು ನಕ್ಕದ್ದು ಬೈಬಲಿನ 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥದಲ್ಲಿದೆ. ನಗುವವರ ಒಂದೊಂದು ಪ್ರಶ್ನೆಗೂ ಅಗಸ್ಟೀನ್ ತಾಳ್ಮೆಯಿಂದ ಉತ್ತರ ಕೊಟ್ಟರು.

ಅವರ ತೀರ್ಮಾನ ಎರಡು ಭಾಗದ್ದು. ಹುಟ್ಟಿನಲ್ಲಿ ಬಂದ ವಿಕಾರ, ಊನ ಏನಿದ್ದರೂ ಪುನರುತ್ಥಾನದಲ್ಲಿ ಹೋಗುತ್ತದೆ. ಆದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರ ಗಾಯದ ಗುರುತುಗಳು ಬಹುಶಃ ಉಳಿಯುತ್ತವೆ. ಅವು ವಿಕಾರವಲ್ಲ, ಗೌರವ. ಅವುಗಳಲ್ಲಿ ಒಂದು ಸೌಂದರ್ಯ ಇರುತ್ತದೆ. ಇಷ್ಟು ಕೇಳಿದರೆ ಬಾಯಮ್ಮನ ಪ್ರಶ್ನೆ ಮತ್ತಷ್ಟು ಚುರುಕಾಗುತ್ತದೆ. ಅವರ ಮಗಳ ಬಾಗಿದ ಕಾಲು ಯಾವ ಲೆಕ್ಕಕ್ಕೆ ಸೇರಿದ್ದು? ಅಳಿಯುವ ಊನವಾ, ಉಳಿಯುವ ಗಾಯವಾ?

ಅಗಸ್ಟೀನರ ಕಾಲದಲ್ಲಿ ಈ ಎರಡರ ನಡುವೆ ಗೆರೆ ಎಳೆಯುವುದು ಸುಲಭವಿತ್ತು. ಕಾಸರಗೋಡಿನಲ್ಲಿ ಸುಲಭವಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಈ ಗುಡ್ಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕೆಳಗೆ ತೋಡು, ಬಾವಿ, ಮನೆ, ಶಾಲೆ ಎಲ್ಲ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಅಂತ ಕೇರಳ ಸರ್ಕಾರಕ್ಕೆ ಆದೇಶಿಸಿತು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳುವುದು ಇಷ್ಟೇ. ಪಟ್ಟಿಯಲ್ಲಿ ಹೆಸರಿದ್ದ ಒಂದು ಮಗುವಿನ ದೇಹವನ್ನು 'ಪ್ರಕೃತಿಯ ತಪ್ಪು' ಅಂತ ಬದಿಗಿಡಲು ಯಾರಿಗೂ ಹಕ್ಕಿಲ್ಲ. ಅದು ಮನುಷ್ಯರ ಕೈಯಿಂದ ಗಾಯಗೊಂಡ ದೇಹವೂ ಹೌದು.

ಪುನರುತ್ಥಾನದ ನಂಬಿಕೆ ಹುಟ್ಟಿ ಬೆಳೆದದ್ದೇ ಅಂಥ ದೇಹಗಳ ನಡುವೆ. ಯೇಸುವಿಗೆ ಸುಮಾರು ಒಂದೂವರೆ ಶತಮಾನ ಹಿಂದೆ, ರಾಜ ಅಂತಿಯೋಕನ ಕಾಲದಲ್ಲಿ ಯೆಹೂದ್ಯರು ಹಿಂಸೆ ಅನುಭವಿಸಿದರು. ಕಥೋಲಿಕ ಬೈಬಲಿನ ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಒಬ್ಬ ತಾಯಿ, ಅವಳ ಏಳು ಗಂಡುಮಕ್ಕಳ ಕತೆ ಬರುತ್ತದೆ. ಒಬ್ಬೊಬ್ಬರನ್ನಾಗಿ ತಾಯಿಯ ಕಣ್ಣೆದುರಿಗೇ ಕೊಲ್ಲುತ್ತಾರೆ. ಮೂರನೆಯವನು ಕೈ ಚಾಚಿ, 'ಇವು ನನಗೆ ಸ್ವರ್ಗದಿಂದ ಸಿಕ್ಕಿದ್ದು, ಅಲ್ಲಿಂದಲೇ ಮತ್ತೆ ಸಿಗುತ್ತವೆ' ಎನ್ನುತ್ತಾನೆ. ಅವನು ಕೇಳಿದ್ದು ಸುಂದರವಾದ ಬೇರೆ ಕೈಗಳನ್ನಲ್ಲ. ಕತ್ತರಿಸಲು ಹೊರಟ ಇದೇ ಕೈಗಳನ್ನು. ದೇವರು ನ್ಯಾಯವಂತನಾದರೆ ಹಾಳು ಮಾಡಿದ ದೇಹಕ್ಕೂ ನ್ಯಾಯ ಸಿಗಲೇಬೇಕು ಎಂಬ ಹಟ ಆ ಮಾತಿನಲ್ಲಿದೆ. ಹಾಗಾಗಿ 'ಮೇಲೆ ಓಡುತ್ತಾಳೆ ಬಿಡಿ' ಅಂತ ಹೇಳಿ ಕೆಳಗಿನ ಅನ್ಯಾಯವನ್ನು ಮರೆಯುವುದಕ್ಕೆ ಈ ನಂಬಿಕೆಯನ್ನು ಬಳಸಬಾರದು. ಪರಿಹಾರದ ಹಣ, ಔಷಧಿ, ತಾಯಂದಿರ ಪಿಂಚಣಿ, ಈ ಹೋರಾಟಗಳೂ ದೇಹದ ಪುನರುತ್ಥಾನವನ್ನು ನಂಬುವವರ ಕೆಲಸವೇ.

ಇತ್ತೀಚಿನ ದೇವಶಾಸ್ತ್ರದಲ್ಲಿ ಅಂಗವಿಕಲರೇ ಈ ಪ್ರಶ್ನೆ ಎತ್ತಿದ್ದಾರೆ. ಹುಟ್ಟಿನಿಂದಲೇ ಎಲುಬಿನ ತೊಂದರೆ ಇದ್ದ ಅಮೆರಿಕದ ನ್ಯಾನ್ಸಿ ಐಸ್‌ಲ್ಯಾಂಡ್ 1994ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. 'ಸ್ವರ್ಗದಲ್ಲಿ ನಿನ್ನ ಕಾಯಿಲೆ ಹೋಗುತ್ತದೆ' ಅಂತ ಜನ ಸಮಾಧಾನ ಹೇಳಿದರೆ ಅವರಿಗೆ ಸಮಾಧಾನ ಆಗುತ್ತಿರಲಿಲ್ಲ. ಅದಿಲ್ಲದಿದ್ದರೆ ತನಗೆ ತನ್ನ ಗುರುತೇ ಸಿಗಲಿಕ್ಕಿಲ್ಲ ಎಂಬುದು ಅವರ ಮಾತು. ಎದ್ದು ಬಂದ ಯೇಸುವಿನ ಗಾಯದ ಕೈ ಕಾಲುಗಳಲ್ಲಿ ತನ್ನಂಥದ್ದೇ ದೇಹವಿರುವ ದೇವರನ್ನು ಅವರು ಕಂಡರು. ಈ ವಾದವನ್ನು ಎಲ್ಲರೂ ಒಪ್ಪುವುದಿಲ್ಲ. ನೋವು ತಿಂದವರಲ್ಲಿ ಎಷ್ಟೋ ಮಂದಿ ಆ ದೇಹ ಸಾಕಪ್ಪಾ ಸಾಕು ಎನ್ನುತ್ತಾರೆ, ಅವರ ಮಾತಿಗೂ ಅಷ್ಟೇ ಬೆಲೆ ಇದೆ.

ನನ್ನ ನಿಲುವು ಇದು. ಸೆಳೆತ ಬಂದು ರಾತ್ರಿಯೆಲ್ಲ ನರಳಿದ್ದು, ನುಂಗಲಾಗದೆ ಉಸಿರು ಕಟ್ಟಿದ್ದು, ಮಲಗಿ ಮಲಗಿ ಬೆನ್ನು ಹುಣ್ಣಾದದ್ದು, ಇದೆಲ್ಲ ಹೋಗುತ್ತದೆ. ಯಾವ ತಾಯಿಯೂ ಅದು ಉಳಿಯಲಿ ಎನ್ನುವುದಿಲ್ಲ. ಫಾದರ್ ಹೇಳಿದ ಹಾಗೆ ಅವಳು ಓಡಲೂಬಹುದು, ಮಾತಾಡಲೂಬಹುದು. ಆದರೆ ಆ ದೇಹದಲ್ಲಿ ಅವಳು ಬದುಕಿದ ಬದುಕು ಹೋಗುವುದಿಲ್ಲ. ಬಾಯಮ್ಮನ ತೋಳಿನ ಮೇಲೆ ಕಳೆದ 27 ವರ್ಷ ಅಳಿಸಿಬಿಡುವ ತಪ್ಪಲ್ಲ, ಅದು ಅವಳ ಬದುಕು. ಯೇಸುವಿನ ಕೈಯ ಗುರುತು ಹೇಗೆ ನೋವಿಲ್ಲದೆ ಉಳಿಯಿತೋ, ಹಾಗೆ ಅದೂ ನೋವಿಲ್ಲದೆ ಉಳಿಯುತ್ತದೆ.

ಇದನ್ನೇ ಪೌಲ ಬೀಜದ ಉದಾಹರಣೆಯಲ್ಲಿ ಹೇಳಿದ್ದು. ಕೊರಿಂಥದ ಕ್ರೈಸ್ತರಿಗೆ ಅವನು 50ರ ದಶಕದ ಮಧ್ಯದಲ್ಲಿ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಪುನರುತ್ಥಾನದ ಬಗ್ಗೆ ಇರುವ ಅತಿ ಹಳೆಯ ಕ್ರೈಸ್ತ ಬರಹಗಳಲ್ಲಿ ಒಂದು, ಬೈಬಲಿನಲ್ಲಿ ಅತಿ ಉದ್ದದ್ದೂ ಹೌದು. 'ಯಾವ ತರದ ದೇಹದಲ್ಲಿ ಬರುತ್ತಾರೆ?' ಅಂತ ಅಲ್ಲಿಯೂ ಯಾರೋ ಕೇಳಿದ್ದರು. ಬಿತ್ತುವುದು ಬರೀ ಕಾಳು, ಬರುವುದು ಪೈರು ಎಂದ ಪೌಲ. ಬಯಲಿನಲ್ಲಿ ನೇಜಿ ಕಿತ್ತು ನೆಟ್ಟ ನಿಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಳಿಗೂ ಪೈರಿಗೂ ನೋಟದಲ್ಲಿ ಹೋಲಿಕೆ ಇಲ್ಲ, ಆದರೆ ರಾಜಕಯಮೆ ಭತ್ತ ಬಿತ್ತಿದರೆ ರಾಜಕಯಮೆಯೇ ಬರುತ್ತದೆ. ನಾಶವಾಗುವುದನ್ನು ಬಿತ್ತಿದರೆ ನಾಶವಾಗದ್ದು ಏಳುತ್ತದೆ, ಬಲಹೀನವನ್ನು ಬಿತ್ತಿದರೆ ಬಲವುಳ್ಳದ್ದು ಏಳುತ್ತದೆ ಎಂದು ಅವನು ಮುಂದುವರಿಸುತ್ತಾನೆ. ಬಲಹೀನ ಎಂಬ ಆ ಮಾತು ಬಾಯಮ್ಮನ ಮಗಳಿಗೂ ಸಲ್ಲುತ್ತದೆ, ಗಟ್ಟಿಮುಟ್ಟಾಗಿರುವ ನಮಗೂ ಸಲ್ಲುತ್ತದೆ. ಅವಳಿಗೆ ಮಾತ್ರ ಬದಲಾವಣೆ ಬೇಕು, ನಾವು ಹೀಗೇ ಹೋಗಬಹುದು ಅಂತ ಪೌಲ ಎಲ್ಲೂ ಹೇಳಿಲ್ಲ. 'ನಾವೆಲ್ಲರೂ ಮಾರ್ಪಡುವೆವು' ಎನ್ನುತ್ತಾನೆ.

ಅದೇ ಅಧ್ಯಾಯದಲ್ಲಿ ಬರುವ 'ಆತ್ಮಿಕ ದೇಹ' ಎಂಬ ಮಾತು ತುಂಬ ಜನರನ್ನು ದಾರಿ ತಪ್ಪಿಸಿದೆ. ಗಾಳಿಯಂಥ, ಮುಟ್ಟಲಾಗದ ದೇಹ ಎಂದರ್ಥವಲ್ಲ. ಪವಿತ್ರಾತ್ಮನ ಶಕ್ತಿಯಿಂದ ನಡೆಯುವ ದೇಹ ಅಂತ ಅರ್ಥ. ಮುಂದೆ ಅಕ್ವಿನಾಸರು ಮತ್ತು ಅವರ ಕಾಲದ ಇತರ ಗುರುಗಳು ಇದನ್ನೇ ನಾಲ್ಕು ಗುಣಗಳಾಗಿ ವಿವರಿಸಿದರು. ನೋವು ಸಾವು ತಾಗದಿರುವುದು, ಪೂರ್ತಿಯಾಗಿ ಆತ್ಮಕ್ಕೆ ವಶವಾಗಿರುವುದು, ಮನಸ್ಸು ಬಯಸಿದಲ್ಲಿಗೆ ತಡೆಯಿಲ್ಲದೆ ಚಲಿಸುವುದು, ಒಳಗಿನ ಬೆಳಕು ಹೊರಗೆ ಕಾಣುವುದು. ಕಾಲೆತ್ತಬೇಕು ಅಂದರೂ ಕಾಲು ಏಳದ, ಮಾತಾಡಬೇಕು ಅಂದರೂ ನಾಲಿಗೆ ತಿರುಗದ ಒಂದು ಮಗುವಿನ ಬದುಕನ್ನು ಹತ್ತಿರದಿಂದ ನೋಡಿದವರಿಗೆ ಎರಡನೆಯ ಮೂರನೆಯ ಗುಣಗಳ ಅರ್ಥ ಯಾವ ಪಂಡಿತರಿಗಿಂತ ಬೇಗ ಆಗುತ್ತದೆ.

ಇನ್ನು ನಿಮ್ಮದೇ ಪ್ರಶ್ನೆಗಳು. ಬೂದಿಯ ಪ್ರಶ್ನೆಗೆ ಇತಿಹಾಸದಲ್ಲೇ ಉತ್ತರವಿದೆ. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕ್ರೈಸ್ತರನ್ನು ಕೊಂದವರು ಹೆಣಗಳನ್ನು ಆರು ದಿನ ಬಯಲಲ್ಲಿಟ್ಟು, ಆಮೇಲೆ ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. 'ಈಗ ಹೇಗೆ ಎದ್ದು ಬರುತ್ತಾರೋ ನೋಡೋಣ' ಎಂಬುದು ಅವರ ಲೆಕ್ಕ. ಈ ಸಂಗತಿ ಇತಿಹಾಸಕಾರ ಯೂಸೇಬಿಯಸ್ ಉಳಿಸಿಟ್ಟ ಪತ್ರವೊಂದರಲ್ಲಿದೆ. ಬದುಕುಳಿದ ಕ್ರೈಸ್ತರ ನಂಬಿಕೆಗೆ ಅದರಿಂದ ಏನೂ ಆಗಲಿಲ್ಲ. ಇಲ್ಲದ್ದರಿಂದ ಲೋಕವನ್ನು ಸೃಷ್ಟಿಸಿದ ದೇವರಿಗೆ ನದಿಯಲ್ಲಿ ಹೋದ ಬೂದಿ ಅಡ್ಡಿಯಲ್ಲ ಎಂಬುದು ಕ್ರೈಸ್ತರ ನಂಬಿಕೆ. ಹೂತರೂ ಅಷ್ಟೇ ಅಲ್ವಾ? ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ, ಈ ಮಳೆಯಲ್ಲಿ ದೇಹ ಎಷ್ಟು ವರ್ಷ ಉಳಿಯುತ್ತದೆ? ಬೇಳದ ಶೋಕಮಾತೆಯ ಇಗರ್ಜಿ 1890ರದ್ದು. ಅಂಥ ಹಳೆಯ ಊರುಗಳ ಮಣ್ಣಿನಲ್ಲಿ ಎಷ್ಟು ತಲೆಮಾರು ಸೇರಿ ಹೋಗಿದೆ. ಕಣ ಕಣ ಹೆಕ್ಕಿ ಜೋಡಿಸುವುದು ಪುನರುತ್ಥಾನವಲ್ಲ.

ಕಥೋಲಿಕರಲ್ಲಿ ದಹನಕ್ಕೆ ಹಿಂದೆ ನಿಷೇಧವಿತ್ತು. 1963ರಲ್ಲಿ ರೋಮ್ ಅದನ್ನು ಸಡಿಲಿಸಿತು. ಪುನರುತ್ಥಾನವನ್ನು ಅಲ್ಲಗಳೆಯುವ ಉದ್ದೇಶ ಇರಬಾರದು, ಅಷ್ಟೇ. ಬೂದಿಯನ್ನು ಚೆಲ್ಲಬಾರದು, ಗೌರವದಿಂದ ಪವಿತ್ರ ಸ್ಥಳದಲ್ಲಿ ಇಡಬೇಕು ಎಂದು 2016ರ ಸೂಚನೆ ಹೇಳುತ್ತದೆ. ಹೂಳುವುದೇ ಲೇಸು ಎನ್ನುವುದು ಈಗಲೂ ಧರ್ಮಸಭೆಯ ಸಲಹೆ. ಯೇಸುವನ್ನೂ ಹೂತಿದ್ದರಲ್ಲ. ಅಂದ ಹಾಗೆ, ಏಳುವುದು ಕ್ರೈಸ್ತರು ಮಾತ್ರವಲ್ಲ. ಒಳ್ಳೆಯವರು ಕೆಟ್ಟವರು ಎನ್ನದೆ ಸತ್ತವರೆಲ್ಲ ಏಳುತ್ತಾರೆ ಎಂಬುದು ಬೈಬಲಿನ ಮಾತು. ಅದರಲ್ಲಿ ಗಂಗೆಗೋ ಪಯಸ್ವಿನಿಗೋ ಬೂದಿ ಬಿಟ್ಟವರೂ ಸೇರಿದರು.

ವಯಸ್ಸಿನ ಬಗ್ಗೆ ಬೈಬಲ್ ಏನೂ ಹೇಳುವುದಿಲ್ಲ. ಅಗಸ್ಟೀನ್ ಯೇಸುವಿನ ವಯಸ್ಸನ್ನು ಹಿಡಿದು ಸುಮಾರು 30 ಎಂದರು. ಮಗುವಾಗಿ ಸತ್ತವರೂ ತುಂಬಿದ ಪ್ರಾಯದಲ್ಲಿ ಏಳುತ್ತಾರೆ, ಮುದುಕರೂ ಅದೇ ಪ್ರಾಯದಲ್ಲಿ. ಇದು ಅವರ ಊಹೆ, ನಂಬಲೇಬೇಕಾದ ಬೋಧನೆಯಲ್ಲ. ಆದರೆ ಇನ್ನೊಂದು ವಿಷಯದಲ್ಲಿ ಅವರು ಗಟ್ಟಿಯಾಗಿ ನಿಂತರು. ಹೆಂಗಸರೆಲ್ಲ ಗಂಡಸರಾಗಿ ಏಳುತ್ತಾರೆ ಅಂತ ಆಗ ಕೆಲವರು ವಾದಿಸುತ್ತಿದ್ದರು. ಹೆಣ್ಣಾಗಿರುವುದು ಊನವಲ್ಲ, ಅದು ಸೃಷ್ಟಿ; ಹೆಣ್ಣು ಹೆಣ್ಣಾಗಿಯೇ ಏಳುತ್ತಾಳೆ ಎಂದು ಅಗಸ್ಟೀನ್ ಬರೆದರು. ಐದನೇ ಶತಮಾನಕ್ಕೆ ಇದು ಸಣ್ಣ ಮಾತಲ್ಲ.

ಊಟ? ಯೇಸು ತಿಂದ ಮೀನು ದೇಹ ನಿಜ ಅಂತ ತೋರಿಸಲಿಕ್ಕೆ, ಹಸಿವಿನಿಂದಲ್ಲ ಎಂದರು ಅಕ್ವಿನಾಸ್. ಅವರ ಪ್ರಕಾರ ಅಲ್ಲಿ ಊಟದ ಅಗತ್ಯವಿಲ್ಲ. ಸಂಸಾರದ ಪ್ರಶ್ನೆ ಯೇಸುವಿನ ಎದುರಿಗೇ ಬಂದಿತ್ತು. ಪುನರುತ್ಥಾನ ನಂಬದ ಸದ್ದುಕಾಯರು ಎಂಬ ಯೆಹೂದಿ ಪಂಗಡದವರು, ಏಳು ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೆ ಒಬ್ಬರನ್ನು ಮದುವೆಯಾದ ಹೆಂಗಸು ಅಲ್ಲಿ ಯಾರ ಹೆಂಡತಿ ಅಂತ ಕೇಳಿದರು. ಅಲ್ಲಿ ಮದುವೆಯಾಗುವುದೂ ಇಲ್ಲ, ಮದುವೆ ಮಾಡಿಕೊಡುವುದೂ ಇಲ್ಲ, ದೇವದೂತರ ಹಾಗೆ ಇರುತ್ತಾರೆ ಎಂದ ಯೇಸು. ಪ್ರೀತಿ ಇರುವುದಿಲ್ಲ ಅಂತ ಅವನು ಹೇಳಲಿಲ್ಲ. ಸಾವಿಲ್ಲದ ಕಡೆ ಸಂತಾನ ಬೇಡ, ವಂಶ ಬೇಡ, ಹಾಗಾಗಿ ಮದುವೆ ಬೇಡ.

ಎಲ್ಲಿ ಎಂಬುದನ್ನೂ ಹೇಳಬೇಕು. ಮೋಡದ ಮೇಲಿನ ಸ್ವರ್ಗದ ಚಿತ್ರವನ್ನು ತಲೆಯಿಂದ ತೆಗೆಯಿರಿ. ಬೈಬಲಿನ ಕೊನೆಯಲ್ಲಿರುವುದು ಹೊಸ ಆಕಾಶ, ಹೊಸ ಭೂಮಿ. ಇಡೀ ಸೃಷ್ಟಿ ಹೆರಿಗೆ ನೋವಿನಲ್ಲಿ ನರಳುತ್ತಾ ಬಿಡುಗಡೆಗೆ ಕಾಯುತ್ತಿದೆ ಅಂತ ಪೌಲ ರೋಮಿನವರಿಗೆ ಬರೆದಿದ್ದಾನೆ. ದೇಹ ಏಳುವಾಗ ನೆಲವೂ ಹೊಸತಾಗಬೇಕು ಎಂಬುದು ಇದರ ಅರ್ಥ. ಮದ್ದು ಬಿದ್ದ ನೆಲಕ್ಕೂ ಇದರಲ್ಲಿ ಪಾಲಿದೆ.

ಬಾಯಮ್ಮನ ಹತ್ತಿರ ಇಷ್ಟೆಲ್ಲ ಹೇಳಲು ಹೋಗಬೇಡಿ. ಯೋಹಾನನ 20ನೇ ಅಧ್ಯಾಯ ಒಂದನ್ನೇ ಅವರ ಜೊತೆ ಕೂತು ಓದಿ. ಒಂದೇ ಅಧ್ಯಾಯದಲ್ಲಿ ಮರಿಯಳ ಗುರುತೂ ಇದೆ, ತೋಮನ ಗಾಯವೂ ಇದೆ. ಗುರುತು ಸಿಗುತ್ತದಾ ಅಂತ ಮತ್ತೆ ಕೇಳಿದರೆ, ಅಲ್ಲಿ ಮರಿಯಳಿಗೆ ಗುರುತು ಸಿಗುವ ಮೊದಲೇ ಯೇಸುವಿಗೆ ಅವಳ ಗುರುತಿತ್ತು ಅಂತ ತೋರಿಸಿ. ಬಾಯಮ್ಮ ಹುಡುಕಬೇಕಾಗಿಲ್ಲ. ಮಗಳಿಗೆ ಅಮ್ಮ ಗೊತ್ತು.

ನವೆಂಬರ್ 2 ಸತ್ತವರ ಸ್ಮರಣೆಯ ದಿನ. ಸಮಾಧಿಗಳನ್ನು ಆಶೀರ್ವದಿಸುತ್ತಾರೆ, ಹೂ ಇಟ್ಟು ಮೇಣದಬತ್ತಿ ಹಚ್ಚುತ್ತಾರೆ. ಬೇರೆ ಧರ್ಮದವರು ಬಂದರೆ ಯಾರೂ ಬೇಡ ಎನ್ನುವುದಿಲ್ಲ, ನೀವೂ ಹೋಗಬಹುದು. ಆ ದಿನದ ಪ್ರಾರ್ಥನೆಗಳು ಹೆಚ್ಚಾಗಿ ಸತ್ತವರ ಪಾಪ ಶುದ್ಧಿಗೆ. ಬಾಯಮ್ಮನಿಗೆ ಅಲ್ಲಿ ಇನ್ನೊಂದು ಸಂಶಯ ಬರಬಹುದು, ಈ ಮಗು ಏನು ಪಾಪ ಮಾಡಿತ್ತು ಅಂತ. ದೀಕ್ಷಾಸ್ನಾನ ಪಡೆದು, ಒಳ್ಳೆಯದು ಕೆಟ್ಟದ್ದರ ತಿಳಿವಳಿಕೆ ಬರುವ ಮೊದಲೇ ತೀರಿಕೊಂಡವರು ನೇರವಾಗಿ ದೇವರ ಬಳಿ ಸೇರುತ್ತಾರೆ ಎಂಬುದು ಕಥೋಲಿಕ ಬೋಧನೆ. ವಯಸ್ಸು 27 ಆಗಿದ್ದರೂ ಆ ತಿಳಿವಳಿಕೆ ಬಾರದಿದ್ದವರಿಗೂ ಅದೇ ಸಲ್ಲುತ್ತದೆ. ಆದ್ದರಿಂದ ಬಾಯಮ್ಮ ಮಗಳಿಗಾಗಿ ಬೇಡಬೇಕಾಗಿಲ್ಲ. ತನಗಾಗಿ ಬೇಡಿಕೋ ಅಂತ ಮಗಳಿಗೇ ಹೇಳಬಹುದು. ಸಂತರ ಹತ್ತಿರ ಹೇಳುವ ಹಾಗೆಯೇ.